ಬಿಇ ಜೊತೆಗೆ ಬಿಎ ಮಾಡಬಹುದಾ? ಕೇಶ್ವಾಪುರದಿಂದ ಬಂದ ಒಂದು ಪ್ರಶ್ನೆ

(ಈ ವಾರದ ಸಂಚಿಕೆಯ ಅಕ್ಷರರೂಪ. ಇಯರ್‌ಫೋನ್ ಮನೆಯಲ್ಲೇ ಬಿಟ್ಟು ಬಂದವರು ಓದಿಕೊಳ್ಳಬಹುದು.)

ಇವತ್ತು ಮೊದಲು ಒಂದು ವಾಯ್ಸ್ ನೋಟ್ ಕೇಳಿಸ್ತೀನಿ. ಕಳಿಸಿದವರು ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ.

"ನಮಸ್ಕಾರ್ರೀ ಅಕ್ಕಾರ. ನಾ ಹುಬ್ಬಳ್ಳಿ ಕೇಶ್ವಾಪುರದಿಂದ ಮಾತಾಡಾಕತ್ತೀನಿ. ಬಿಇ ಸಿವಿಲ್, ಎರಡನೇ ಸೆಮ್ ಮುಗದದ. ನಮ್ಮಪ್ಪಾರು ರೈಲ್ವೆದಾಗ ಅದಾರ. ನಂಗ ಹಿಸ್ಟರಿ ಅಂದ್ರ ಭಾಳ ಹುಚ್ಚು. ಪಿಯುಸಿ ಆದ ಮ್ಯಾಲೆ ಆರ್ಟ್ಸ್ ತೊಗೋತೀನಿ ಅಂದಿದ್ದಕ್ಕ ಮನ್ಯಾಗ ಎರಡು ದಿನ ಯಾರೂ ಸರಿ ಊಟಾ ಮಾಡ್ಲಿಲ್ಲ. ಈಗ ನಮ್ಮ ಕ್ಲಾಸಿನಾಕಿ ಒಬ್ಬಾಕಿ ಅಂದ್ಲು, ಬಿಇ ಮಾಡ್ತ ಮಾಡ್ತನ ಬಿಎನೂ ಮಾಡಬಹುದಂತ. ಖರೇ ಏನ್ರೀ? ಮುಂದ ಯಾರರ ಬಂದು ಒಂದು ಡಿಗ್ರಿ ನಡಿಯಂಗಿಲ್ಲ ಅಂದ್ರ ಏನ್ ಮಾಡೂದು?"

ಖರೇನೇ ಇದೆ. 2022ರ ಏಪ್ರಿಲ್‌ನಲ್ಲಿ ಯುಜಿಸಿ ಇದಕ್ಕೆ ಅನುಮತಿ ಕೊಟ್ಟಿದೆ. ಅದಕ್ಕೂ ಮೊದಲು ಒಂದೇ ಸಮಯಕ್ಕೆ ಎರಡು ಪೂರ್ಣ ಪ್ರಮಾಣದ ಡಿಗ್ರಿ ಓದೋದಕ್ಕೆ ಸಾಮಾನ್ಯವಾಗಿ ಅವಕಾಶ ಇರಲಿಲ್ಲ. ಈಗಿನ ನಿಯಮ ಹೀಗಿದೆ: ಒಂದು ಡಿಗ್ರಿ ಕಾಲೇಜಿಗೆ ಹೋಗಿ, ಇನ್ನೊಂದು ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಮಾಡಬಹುದು. ಎರಡನ್ನೂ ದೂರಶಿಕ್ಷಣದಲ್ಲೇ ಮಾಡಬಹುದು. ಎರಡಕ್ಕೂ ಕಾಲೇಜಿಗೇ ಹೋಗಬಹುದು, ಆದರೆ ಕ್ಲಾಸಿನ ಸಮಯ ಒಂದರ ಮೇಲೊಂದು ಬರಬಾರದು. ಪಿಎಚ್‌ಡಿಗೆ ಮಾತ್ರ ಇದು ಅನ್ವಯ ಆಗಲ್ಲ. 2022ಕ್ಕಿಂತ ಮುಂಚೆಯೇ, ಆಗಿನ ನಿಯಮ ಮೀರದೆ ಎರಡು ಓದಿದವರ ಡಿಗ್ರಿಗಳೂ ನಡೆಯುತ್ತವೆ ಅಂತ 2025ರಲ್ಲಿ ಯುಜಿಸಿ ಸ್ಪಷ್ಟಪಡಿಸಿದೆ. ಹಾಗಾಗಿ "ಯಾರರ ಬಂದು" ಅನ್ನೋ ಭಯ ಬೇಡ. ಭಯ ಪಡಬೇಕಾದ ಸಂಗತಿ ಬೇರೆ ಇದೆ, ಅದಕ್ಕೆ ಬರ್ತೀನಿ.

ಮೊದಲು ಒಂದು ಗೊಂದಲ ಬಿಡಿಸೋಣ. ಯೂಟ್ಯೂಬ್‌ನಲ್ಲಿ "ಎಂಜಿನಿಯರಿಂಗ್ ಪ್ಲಸ್ ಆರ್ಟ್ಸ್" ಅಂತ ಹುಡುಕಿದರೆ ಆಸ್ಟ್ರೇಲಿಯಾದ ವಿಡಿಯೊಗಳು ಬರುತ್ತವೆ. ಅಲ್ಲಿನ ಮೊನಾಶ್, ಸಿಡ್ನಿ ತರಹದ ವಿಶ್ವವಿದ್ಯಾಲಯಗಳಲ್ಲಿ ಎಂಜಿನಿಯರಿಂಗ್ ಮತ್ತು ಆರ್ಟ್ಸ್ ಸೇರಿಸಿ ಐದು ವರ್ಷಕ್ಕೆ ಎರಡು ಡಿಗ್ರಿ ಕೊಡ್ತಾರೆ. ನಾಲ್ಕು ವರ್ಷದ್ದೊಂದು, ಮೂರು ವರ್ಷದ್ದೊಂದು, ಕೂಡಿಸಿದರೆ ಏಳು ಆಗಬೇಕಲ್ಲ, ಐದು ಹೇಗೆ? ಯಾಕಂದ್ರೆ ಒಂದೇ ವಿಶ್ವವಿದ್ಯಾಲಯ ಎರಡನ್ನೂ ಹೆಣೆದಿರುತ್ತೆ. ಎಂಜಿನಿಯರಿಂಗ್‌ನಲ್ಲಿ ನೀವು ಆಯ್ಕೆ ಮಾಡಿಕೊಳ್ಳಬೇಕಾದ ಐಚ್ಛಿಕ ವಿಷಯಗಳ ಜಾಗದಲ್ಲಿ ಆರ್ಟ್ಸ್ ವಿಷಯ ಕೂರುತ್ತೆ, ಆರ್ಟ್ಸ್‌ನ ಐಚ್ಛಿಕದ ಜಾಗದಲ್ಲಿ ಎಂಜಿನಿಯರಿಂಗ್ ಕೂರುತ್ತೆ.

ನಮ್ಮಲ್ಲಿ ಬಿಇ ಒಂದು ಕಡೆ, ಬಿಎ ಇನ್ನೊಂದು ಕಡೆ. ಎರಡು ವಿಶ್ವವಿದ್ಯಾಲಯ, ಎರಡು ಫೀ, ಎರಡು ಹಾಲ್ ಟಿಕೆಟ್. ಇವರು ಓದಿಸಿದ್ದನ್ನ ಅವರು ಲೆಕ್ಕಕ್ಕೆ ತೊಗೊಳ್ಳಲ್ಲ. ಅಂದ್ರೆ ನೀವು ಮಾಡ್ತಿರೋದು ಏಳು ವರ್ಷದ ಓದನ್ನ ನಾಲ್ಕು ವರ್ಷದ ಚೀಲದಲ್ಲಿ ತುರುಕೋ ಕೆಲಸ.

ಭಾರತದಲ್ಲಿ ನಿಜವಾಗಿ ಹೆಣೆದ ಕೋರ್ಸ್‌ಗಳು ಇಲ್ಲವೇ ಇಲ್ಲ ಅಂತಲ್ಲ. ಬಿಟ್ಸ್ ಪಿಲಾನಿಯಲ್ಲಿ ಎಂಎಸ್ಸಿ ಅರ್ಥಶಾಸ್ತ್ರಕ್ಕೆ ಸೇರಿದವರು ಮೊದಲ ವರ್ಷದ ಅಂಕಗಳ ಮೇಲೆ ಬಿಇ ಕೂಡ ಪಡೆದು ಐದು ವರ್ಷದಲ್ಲಿ ಎರಡೂ ಮುಗಿಸ್ತಾರೆ. ಹೈದರಾಬಾದಿನ ಐಐಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಬಿಟೆಕ್ ಜೊತೆ ಮಾನವಿಕ ವಿಷಯಗಳಲ್ಲಿ ಸಂಶೋಧನೆ ಮಾಡಿ ಎಂಎಸ್ ಪಡೆಯೋ ಐದು ವರ್ಷದ ಕೋರ್ಸ್ ಇದೆ. ಭಾಷಾಶಾಸ್ತ್ರಕ್ಕೂ ಅಂಥದ್ದೇ ಒಂದಿದೆ. ಪಿಯುಸಿ ಓದುತ್ತಿರುವವರು ಇವನ್ನ ಬರೆದಿಟ್ಟುಕೊಳ್ಳಿ. ನಮ್ಮ ಕೇಶ್ವಾಪುರದ ಕೇಳುಗರಿಗೆ ಆ ರೈಲು ಹೋಗಿಯಾಯ್ತು.

ಅವರಿಗೆ ಇರೋ ದಾರಿ ಮುಕ್ತ ವಿಶ್ವವಿದ್ಯಾಲಯ. ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೀತೀನಿ ಅನ್ನೋರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ, 1996ರಿಂದ. ದೇಶದ ಮಟ್ಟದಲ್ಲಿ ಇಗ್ನೋ ಇದೆ, 1985ರಿಂದ. ಕಾಲೇಜಿಗೇ ಹೋಗಿ ಎರಡೂ ಮಾಡ್ತೀನಿ ಅನ್ನೋದು ಕಾಗದದ ಮೇಲೆ ಮಾತ್ರ ಚಂದ. ಬೆಳಗ್ಗೆ ಕೇಶ್ವಾಪುರದಿಂದ ಹೊರಟು ಚಿಗರಿ ಬಸ್ ಹತ್ತಿ ವಿದ್ಯಾನಗರದ ಕಡೆಗೋ ಧಾರವಾಡದ ಕಡೆಗೋ ಹೋಗಿ, ಲ್ಯಾಬ್ ಮುಗಿಸಿ ಸಂಜೆ ವಾಪಸ್ ಬರೋ ಹುಡುಗಿ ಬಿಎ ಕ್ಲಾಸಿಗೆ ಯಾವಾಗ ಹೋಗ್ತಾಳೆ? ಎರಡೂ ಕಡೆ ಹಾಜರಾತಿ ಕೇಳ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಇದನ್ನ ಸ್ವಲ್ಪ ನಿಧಾನವಾಗಿ ಕೇಳಿ, ಪ್ರಚಾರದ ವಿಡಿಯೊಗಳಲ್ಲಿ ಇದನ್ನ ಹೇಳಲ್ಲ. ಇಗ್ನೋದ ಪ್ರಕಾರ ಒಂದು ಕ್ರೆಡಿಟ್ ಅಂದ್ರೆ 30 ಗಂಟೆ ಓದು. ಮೂರು ವರ್ಷದ ಬಿಎ 120 ಕ್ರೆಡಿಟ್ ಅಂತ ಇಟ್ಕೊಂಡ್ರೂ 3,600 ಗಂಟೆ. ಮೂರು ವರ್ಷಕ್ಕೆ ಹಂಚಿದರೆ ವಾರಕ್ಕೆ 23 ಗಂಟೆ. ಬಿಇ ಕ್ಲಾಸು, ರೆಕಾರ್ಡ್, ಇಂಟರ್ನಲ್ಸ್ ಎಲ್ಲ ಆದ ಮೇಲೆ ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ, ಭಾನುವಾರ ಸೇರಿಸಿ. ಅಷ್ಟೊಂದು ಯಾರೂ ಓದಲ್ಲ ಬಿಡಿ ಅಂತೀರಿ. ಹೌದು, ಪಾಸಾಗೋಕೆ ಅಷ್ಟು ಬೇಕಿಲ್ಲದೇ ಇರಬಹುದು. ಆದರೆ ಹಿಸ್ಟರಿ ಮೇಲಿನ ಹುಚ್ಚಿಗೆ ಸೇರೋರು ಬರೀ ಪಾಸಾಗೋಕೆ ಸೇರೋದಿಲ್ಲವಲ್ಲ?

ಉಪಾಯ ಏನಂದ್ರೆ, ಮೂರು ವರ್ಷದ ಬಿಎ ಮುಗಿಸೋಕೆ ಇಗ್ನೋ ಆರು ವರ್ಷದ ತನಕ ಸಮಯ ಕೊಡುತ್ತೆ. ಆರು ವರ್ಷಕ್ಕೆ ಹಂಚಿದರೆ ವಾರಕ್ಕೆ ಸುಮಾರು ಹನ್ನೊಂದೂವರೆ ಗಂಟೆ. ಇದು ಆಗೋ ಮಾತು. ಬಿಇ ಮುಗಿದು ಕೆಲಸಕ್ಕೆ ಸೇರಿದ ಮೇಲೂ ಒಂದೆರಡು ವರ್ಷ ಬಿಎ ನಡೀತಾ ಇರುತ್ತೆ, ಅಷ್ಟೇ.

ಇನ್ನೊಂದು ಗಂಟು ಪರೀಕ್ಷೆ. ಇಗ್ನೋದ ಸತ್ರಾಂತ್ಯ ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ನಿಮ್ಮ ಸೆಮಿಸ್ಟರ್ ಪರೀಕ್ಷೆಯೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಒಂದೇ ದಿನ ಬೆಳಗ್ಗೆ ಫ್ಲೂಯಿಡ್ ಮೆಕ್ಯಾನಿಕ್ಸ್, ಮಧ್ಯಾಹ್ನ ಪ್ರಾಚೀನ ಭಾರತ ಬಂದರೆ ಏನು ಮಾಡ್ತೀರಿ? ಆರು ವರ್ಷದ ಅವಕಾಶ ಕೆಲಸಕ್ಕೆ ಬರೋದು ಇಲ್ಲೇ: ಆ ಸಲ ಬಿಎ ಪೇಪರ್ ಬಿಟ್ಟು ಮುಂದಿನ ಸಲ ಬರೀಬಹುದು. ಮನೆಯಲ್ಲಿ ಇದನ್ನ ಮೊದಲೇ ಹೇಳಿಡಿ, ಇಲ್ಲಾಂದ್ರೆ "ಬ್ಯಾಕ್ ಉಳಿಸಿಕೊಂಡಾಳ" ಅನ್ನೋ ಮಾತು ಹುಟ್ಟುತ್ತೆ.

ಸೇರೋ ಮೊದಲು ಎರಡು ಕೆಲಸ ಮಾಡಿ. ಒಂದು, ನಿಮ್ಮ ಒರಿಜಿನಲ್ ಟಿಸಿ ಎಂಜಿನಿಯರಿಂಗ್ ಕಾಲೇಜಿನಲ್ಲೇ ಇರುತ್ತೆ. ಇನ್ನೊಂದು ಕಡೆ ಅದನ್ನ ಕೇಳ್ತಾರಾ, ಬೇರೆ ಯಾವ ದಾಖಲೆ ಕೊಟ್ಟರೆ ನಡೆಯುತ್ತೆ ಅಂತ ಬರಹದಲ್ಲಿ ಕೇಳಿಕೊಳ್ಳಿ. ನಿಮ್ಮ ಕಾಲೇಜಿನ ಆಫೀಸಿಗೂ ವಿಷಯ ತಿಳಿಸಿ, ಮುಚ್ಚಿಡೋಕೆ ಇದರಲ್ಲಿ ಏನೂ ಇಲ್ಲ. ಎರಡು, ಸೇರ್ತಿರೋ ವರ್ಷಕ್ಕೆ, ಸೇರ್ತಿರೋ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ಪಟ್ಟಿಯಲ್ಲಿ ನೋಡಿ. ನಾನು ಭಯ ಪಡಬೇಕು ಅಂದಿದ್ದು ಇದಕ್ಕೆ. ವಿಶ್ವವಿದ್ಯಾಲಯದ ಹೆಸರು ದೊಡ್ಡದು ಅಂತ ಸುಮ್ಮನಿರಬೇಡಿ. ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಕೆಲವು ವರ್ಷ ಮಾನ್ಯತೆ ಇರಲಿಲ್ಲ. 2018ರಲ್ಲಿ ಮತ್ತೆ ಸಿಕ್ಕಿತು. ನಡುವೆ ಸೇರಿದ್ದವರು ಪಟ್ಟ ಪಾಡು ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೆ ಗೊತ್ತು.

ಮನೆಯಲ್ಲಿ ಅಣ್ಣನೋ ತಮ್ಮನೋ ಇದನ್ನ ಉಲ್ಟಾ ಕೇಳಬಹುದು: ಬಿಎ ಕಾಲೇಜಿನಲ್ಲಿ ಮಾಡಿ ಬಿಇ ದೂರಶಿಕ್ಷಣದಲ್ಲಿ ಮಾಡಬಹುದಾ? ಇಲ್ಲ. ತಾಂತ್ರಿಕ ಶಿಕ್ಷಣವನ್ನ ಅಂಚೆ ಮೂಲಕ ಕಲಿಸೋಕೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲೇ ಹೇಳಿದೆ. ಆದರೆ ಬಿಎ ಓದ್ತಾ ಐಐಟಿ ಮದ್ರಾಸಿನ ಆನ್‌ಲೈನ್ ಡೇಟಾ ಸೈನ್ಸ್ ಡಿಗ್ರಿ ಮಾಡಬಹುದು. ಅದು ಬಿಟೆಕ್ ಅಲ್ಲ, ಬಿಎಸ್. ಪಿಯುಸಿಯಲ್ಲಿ ಸೈನ್ಸ್ ಇರಲೇಬೇಕು ಅಂತ ಇಲ್ಲ, ಹತ್ತನೇ ಕ್ಲಾಸಿನಲ್ಲಿ ಗಣಿತ, ಇಂಗ್ಲಿಷ್ ಓದಿದ್ದರೆ ಸಾಕು. ಆರ್ಟ್ಸ್ ಹುಡುಗರಿಗೆ ಇದು ಗೊತ್ತೇ ಇಲ್ಲ ಅನ್ನೋದು ನನ್ನ ಬೇಜಾರು.

ಇಷ್ಟೆಲ್ಲ ಹೇಳಿ ಈಗ ಒಂದು ಕೇಳ್ತೀನಿ. ಬಿಎ ಯಾಕೆ ಬೇಕು?

ಕೆಎಎಸ್, ಐಎಎಸ್‌ಗಾ? ಬೇಡ. ಯಾವ ಡಿಗ್ರಿ ಆದರೂ ನಡೆಯುತ್ತೆ. ಬಿಇ ಮಾಡಿದವರು ಯುಪಿಎಸ್‌ಸಿಯಲ್ಲಿ ಇತಿಹಾಸವನ್ನೋ ಕನ್ನಡ ಸಾಹಿತ್ಯವನ್ನೋ ಐಚ್ಛಿಕ ತೊಗೋಬಹುದು. ಬರೆಯೋಕಾ? ಬೇಡ. ಸುಧಾ ಮೂರ್ತಿ ಓದಿದ್ದು ವಿದ್ಯಾನಗರದ ಬಿವಿಬಿಯಲ್ಲಿ, ಎಲೆಕ್ಟ್ರಿಕಲ್. ವಸುಧೇಂದ್ರ, ವಿವೇಕ ಶಾನಭಾಗ ಇಬ್ಬರೂ ಎಂಜಿನಿಯರಿಂಗ್ ಓದಿದವರೇ. ಗಿರೀಶ ಕಾರ್ನಾಡರದ್ದು ಇನ್ನೂ ತಮಾಷೆ: ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ 1958ರಲ್ಲಿ ಅವರು ಪಡೆದದ್ದು ಬಿಎ, ಆದರೆ ವಿಷಯ ಗಣಿತ ಮತ್ತು ಸಂಖ್ಯಾಶಾಸ್ತ್ರ. ಆಮೇಲೆ ಆಕ್ಸ್‌ಫರ್ಡ್‌ಗೆ ಹೋಗಿ ಓದಿದ್ದು ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ. ಸೈನ್ಸ್ ಈ ಕಡೆ, ಆರ್ಟ್ಸ್ ಆ ಕಡೆ ಅನ್ನೋ ಗೋಡೆ ನಮ್ಮ ಊರಲ್ಲಿ ಮೊದಲಿಂದ ಇಷ್ಟು ಗಟ್ಟಿ ಇರಲಿಲ್ಲ.

ಹಾಗಾದ್ರೆ ಡಿಗ್ರಿ ಎಲ್ಲಿ ಬೇಕಾಗುತ್ತೆ? ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡೋಕೆ ಎಂಎ ಬೇಕು. ಅಲ್ಲೇ ಇದೆ ಮಜಾ. ಇಗ್ನೋದಲ್ಲಿ ಎಂಎ ಇತಿಹಾಸಕ್ಕೆ ಬಿಎ ಕೇಳಲ್ಲ, ಯಾವುದೇ ಪದವಿ ಸಾಕು. ಬಿಇ ನಾಲ್ಕು ವರ್ಷ, ಆಮೇಲೆ ಎಂಎ ಎರಡು ವರ್ಷ, ಒಟ್ಟು ಆರು. ಬಿಎಯನ್ನ ನಿಧಾನಕ್ಕೆ ಮಾಡಿದರೂ ಹಿಡಿಯೋದು ಅಷ್ಟೇ ಸಮಯ, ಆದರೆ ಕೈಗೆ ಸಿಗೋದು ಎಂಎ. ಅಷ್ಟೇ ಅಲ್ಲ, 2024ರಿಂದ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಇದ್ದವರು ಪಿಎಚ್‌ಡಿ ಪ್ರವೇಶಕ್ಕೆ ನೆಟ್ ಬರೀಬಹುದು, ತಾವು ಸಂಶೋಧನೆ ಮಾಡಬೇಕು ಅನ್ನೋ ವಿಷಯದಲ್ಲಿ, ಪದವಿ ಬೇರೆ ವಿಷಯದ್ದಾಗಿದ್ದರೂ. ಗೇಟ್ ಪರೀಕ್ಷೆಯಲ್ಲೂ 2021ರಿಂದ ಮಾನವಿಕ ವಿಷಯಗಳ ಪೇಪರ್ ಇದೆ. ಇತಿಹಾಸ ಅದರಲ್ಲಿಲ್ಲ. ಸಮಾಜಶಾಸ್ತ್ರ, ಭಾಷಾಶಾಸ್ತ್ರ, ಮನಃಶಾಸ್ತ್ರ ಇವೆ. ಬಿಇ ಮೂರನೇ ವರ್ಷದವರೂ ಬರೀಬಹುದು.

ಆದ್ದರಿಂದ ಕೇಶ್ವಾಪುರದ ತಂಗಿ, ನನ್ನ ಅಭಿಪ್ರಾಯ ಕೇಳಿದ್ರೆ: ನಾಲ್ಕು ವರ್ಷ ಹಿಸ್ಟರಿ ಮುಟ್ಟದೇ ಇರೋಕೆ ಆಗಲ್ಲ, ಶಿಸ್ತಾಗಿ ಯಾರಾದ್ರೂ ಓದಿಸಬೇಕು ಅನ್ಸಿದ್ರೆ ಈಗಲೇ ಬಿಎ ಸೇರು, ಆರು ವರ್ಷ ಅಂತಲೇ ಲೆಕ್ಕ ಹಾಕಿಕೋ. ಸರ್ಟಿಫಿಕೇಟ್ ಮುಖ್ಯ ಅಂದ್ರೆ ಬಿಇ ಚೆನ್ನಾಗಿ ಮುಗಿಸಿ ಸೀದಾ ಎಂಎಗೆ ಹೋಗು. ಆ 75 ಅಂಕಕ್ಕೂ ಅದೇ ಒಳ್ಳೇದು. ಅಲ್ಲಿವರೆಗೆ ಓದೋಕೆ ಯಾರ ಅಪ್ಪಣೆಯೂ ಬೇಡ. ಚಿಗರಿ ದಾರಿಯಲ್ಲೇ ಉಣಕಲ್ ಬರುತ್ತಲ್ಲ, ಅಲ್ಲಿ ಇಳಿದು ಚಂದ್ರಮೌಳೇಶ್ವರ ಗುಡಿಗೆ ಒಂದು ಸಲ ಸಿವಿಲ್ ಎಂಜಿನಿಯರ್ ಕಣ್ಣಿಂದ ಹೋಗಿ ಬಾ. ನಾಲ್ಕೂ ದಿಕ್ಕಿಗೆ ಬಾಗಿಲು ಇಟ್ಟು ಆ ಕಲ್ಲಿನ ಭಾರ ಹೇಗೆ ಇಳಿಸಿದ್ದಾರೆ ಅಂತ ನೋಡಿ, ನನಗೂ ಒಂದು ವಾಯ್ಸ್ ನೋಟ್ ಕಳಿಸು.

ಅಪ್ಪಾರಿಗೂ ಈ ಸಂಚಿಕೆ ಕೇಳಿಸು. ಊಟದ ಹೊತ್ತಿಗೆ ಮಾತ್ರ ಬೇಡ.