ಫೆರೊಮೋನ್: ಚಿಟ್ಟೆಗೆ ನಿಜ, ಬಾಟಲಿಗೆ?

ಕೆಲವು ತಿಂಗಳ ಹಿಂದೆ ಒಬ್ಬ ಯುವಕ ನನ್ನ ದವಾಖಾನೆಗೆ ಬಂದ. ನಿಕಾಹ್ ನಿಶ್ಚಯವಾಗಿತ್ತು. ಎರಡೂ ಕಂಕುಳು ಕೆಂಪಾಗಿ, ಉರಿ, ತುರಿಕೆ. ಏನು ಹಚ್ಚಿದೆ ಎಂದು ಕೇಳಿದಾಗ ಸಂಕೋಚದಿಂದ ಜೇಬಿನಿಂದ ಒಂದು ಬಾಟಲಿ ತೆಗೆದ. ಆನ್‌ಲೈನಿನಲ್ಲಿ ತರಿಸಿದ ‘ಫೆರೊಮೋನ್ ಸ್ಪ್ರೇ’. ಬೆಲೆ ಸಾವಿರದ ಇನ್ನೂರು ರೂಪಾಯಿ. ಇದನ್ನು ಹಾಕಿಕೊಂಡರೆ ಹೆಂಡತಿ ಎಂದೂ ಮುನಿಸಿಕೊಳ್ಳುವುದಿಲ್ಲವೆಂದು ಗೆಳೆಯರು ಹೇಳಿದ್ದರಂತೆ. ಕೂದಲು ತೆಗೆದ ಹಸಿ ಚರ್ಮದ ಮೇಲೆ ದಿನಕ್ಕೆರಡು ಸಲ ಹೊಡೆದುಕೊಂಡಿದ್ದ. ಒಂದು ವಾರದಲ್ಲಿ ತುರಿಕೆ ವಾಸಿಯಾಯಿತು. ಹೋಗುವಾಗ ಕೇಳಿದ: “ಡಾಕ್ಟರ್ ಸಾಬ್, ಹಾಗಾದ್ರೆ ಇದೆಲ್ಲ ಸುಳ್ಳಾ?”

ಎಲ್ಲವೂ ಸುಳ್ಳಲ್ಲ. ನಮ್ಮ ಜಂಗಮಕೋಟೆ ಇರುವುದು ಶಿಡ್ಲಘಟ್ಟ ತಾಲೂಕಿನಲ್ಲಿ. ಇಲ್ಲಿ ಎಷ್ಟೋ ಮುಸ್ಲಿಂ ಮನೆಗಳ ಒಲೆ ಉರಿಯುವುದು ರೇಷ್ಮೆ ನೂಲು ಬಿಚ್ಚುವ ಕೆಲಸದಿಂದ. ನೂಲು ತೆಗೆಯಲು ಗೂಡನ್ನು ಬೇಯಿಸುವುದರಿಂದ ರೀಲರುಗಳಿಗೆ ಚಿಟ್ಟೆ ಕಾಣಸಿಗುವುದು ಅಪರೂಪ. ಆದರೆ ಬಿತ್ತನೆ ಕೇಂದ್ರದಲ್ಲಿ ದುಡಿದವರನ್ನು ಕೇಳಿ ನೋಡಿ. ಗೂಡಿನಿಂದ ಹೊರಬಂದ ಹೆಣ್ಣು ಚಿಟ್ಟೆ ಅಲ್ಲಾಡದೆ ಕುಳಿತು, ಹೊಟ್ಟೆಯ ತುದಿಯ ಪುಟ್ಟ ಗ್ರಂಥಿಗಳನ್ನು ಹೊರಚಾಚುತ್ತದೆ. ಹಾರಲು ಬಾರದ ಗಂಡು ಚಿಟ್ಟೆಗಳು ಆಗ ರೆಕ್ಕೆ ಪಟಪಟಿಸುತ್ತಾ, ಅತ್ತಿತ್ತ ಸುತ್ತುತ್ತಾ ಅದರ ಬಳಿಗೇ ನಡೆದು ಹೋಗುತ್ತವೆ. ಗಂಡಿನ ಕುಡಿಮೀಸೆಗಳನ್ನು ಕತ್ತರಿಸಿಬಿಟ್ಟರೆ ಹೆಣ್ಣು ಪಕ್ಕದಲ್ಲೇ ಇದ್ದರೂ ಅದಕ್ಕೆ ತಿಳಿಯದು.

ಈ ಸೆಳೆತದ ರಾಸಾಯನಿಕವನ್ನು 1959ರಲ್ಲಿ ಗುರುತಿಸಿದವರು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಸಂಗಡಿಗರು. ಸುಮಾರು 20 ವರ್ಷ ದುಡಿದು, 5 ಲಕ್ಷದಷ್ಟು ಹೆಣ್ಣು ರೇಷ್ಮೆ ಚಿಟ್ಟೆಗಳಿಂದ ಅವರು ಪಡೆದದ್ದು ಕೆಲವೇ ಮಿಲಿಗ್ರಾಂ ಪದಾರ್ಥ. ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟರು. ಜಗತ್ತಿನಲ್ಲಿ ರಾಸಾಯನಿಕವಾಗಿ ಪತ್ತೆಯಾದ ಮೊದಲ ಫೆರೊಮೋನ್ ಅದು. ‘ಫೆರೊಮೋನ್’ ಎಂಬ ಪದ ಹುಟ್ಟಿದ್ದೂ ಅದೇ ವರ್ಷ.

ಈಗ ಮನುಷ್ಯನ ವಿಷಯಕ್ಕೆ ಬನ್ನಿ. ಬಾಟಲಿ ಮಾರುವವರು ಹೆಸರಿಸುವುದು ಸಾಮಾನ್ಯವಾಗಿ ಆಂಡ್ರೋಸ್ಟಾಡೈನೋನ್ ಎಂಬ ವಸ್ತುವನ್ನು. ಇದು ಗಂಡಸರ ಬೆವರಿನಲ್ಲಿರುವುದು ನಿಜ. ಆದರೆ ಇದೇ ‘ಮನುಷ್ಯರ ಫೆರೊಮೋನ್’ ಎಂಬ ಮಾತು ಚಾಲ್ತಿಗೆ ಬಂದದ್ದು 1991ರ ಪ್ಯಾರಿಸ್ ಸಮ್ಮೇಳನದಿಂದ. ಅದಕ್ಕೆ ಹಣ ಕೊಟ್ಟದ್ದು ಇದರ ವ್ಯಾಪಾರದಲ್ಲೇ ಆಸಕ್ತಿಯಿದ್ದ ಕಂಪನಿ! ಬುಟೆನಾಂಟ್ ಹಂತಹಂತವಾಗಿ ಕೊಟ್ಟಂಥ ಪುರಾವೆ ಇದಕ್ಕಿಲ್ಲ ಎಂದು ಆಕ್ಸ್‌ಫರ್ಡ್‌ನ ಟ್ರಿಸ್ಟ್ರಮ್ ವೈಯಟ್ 2015ರಲ್ಲಿ ಬರೆದರು. 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಗಂಡು ಹೆಣ್ಣು ಇಬ್ಬರ ಮೇಲೂ ಪ್ರಯೋಗ ನಡೆಯಿತು. ಈ ವಸ್ತುವನ್ನು ಮೂಸಿದವರಿಗೆ ಎದುರಿನ ಮುಖ ಹೆಚ್ಚು ಚೆಂದವಾಗಿಯೇನೂ ಕಾಣಲಿಲ್ಲ.

ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ಕೇಳಿಬರುವ ಇನ್ನೊಂದು ಮಾತಿದೆ: ಒಟ್ಟಿಗೆ ಇದ್ದವರ ಮುಟ್ಟು ಒಂದೇ ದಿನಕ್ಕೆ ಬರುತ್ತದೆ ಎಂದು. 1971ರಲ್ಲಿ ಅಮೆರಿಕದ ಮಾರ್ಥಾ ಮೆಕ್ಲಿಂಟಾಕ್ 135 ವಿದ್ಯಾರ್ಥಿನಿಯರನ್ನು ಗಮನಿಸಿ ಹೀಗೆ ಬರೆದಿದ್ದರು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 186 ಚೀನೀ ಮಹಿಳೆಯರನ್ನು ವರ್ಷದಷ್ಟು ಕಾಲ ಗಮನಿಸಿದಾಗ ಅಂಥ ಹೊಂದಾಣಿಕೆ ಕಾಣಲೇ ಇಲ್ಲ. ಮಗಳ ಮುಟ್ಟು ಎರಡು ಮೂರು ತಿಂಗಳು ಏರುಪೇರಾದರೆ “ರೂಮಿನವಳ ಜೊತೆ ಸೇರಿಕೊಂಡಿತು” ಎಂದು ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್ ಇದ್ದು, ಈ ಮಾತು ನಂಬಿ ತಡವಾಗಿ ಬಂದವರನ್ನು ನಾನು ನೋಡಿದ್ದೇನೆ.

ಹಾಗಾದರೆ ಕಂಕುಳಿನ ವಾಸನೆ ಎಲ್ಲಿಂದ? ಆಗತಾನೇ ಬಂದ ಬೆವರಿಗೆ ವಾಸನೆಯೇ ಇಲ್ಲ. ಹರೆಯದಲ್ಲಿ ಚುರುಕಾಗುವ ಗ್ರಂಥಿಗಳ ಸ್ರಾವವನ್ನು ಚರ್ಮದ ಬ್ಯಾಕ್ಟೀರಿಯಾಗಳು ಒಡೆದಾಗ ವಾಸನೆ ಏಳುತ್ತದೆ. ಕಂಕುಳಿನ ಕೂದಲನ್ನು ನಲವತ್ತು ದಿನ ಮೀರಿ ಬಿಡಬಾರದೆಂಬ ಸುನ್ನತ್, ಜುಮಾದ ಸ್ನಾನ, ಒಗೆದ ಹತ್ತಿ ಬಟ್ಟೆ – ಇವಿಷ್ಟು ಸಾಕು. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದು ಮಸೀದಿಗೆ ಬರುವುದನ್ನು ಪ್ರವಾದಿ(ಸ) ತಡೆದದ್ದೂ ಪಕ್ಕದವರ ಮೂಗನ್ನು ನೆನೆದೇ. ಅತ್ತರ್ ಬೇಕೆ? ಬಟ್ಟೆಗೆ ಹಚ್ಚಿ, ಆಗತಾನೇ ಕೂದಲು ತೆಗೆದ ಚರ್ಮಕ್ಕೆ ಬೇಡ. ಇಬ್ನ್ ಸೀನಾ ಹೃದಯದ ಔಷಧಗಳ ಬಗ್ಗೆ ಬರೆದ ಕೃತಿಯಿಂದ ಹಿಡಿದು ನಮ್ಮ ಯುನಾನಿಯಲ್ಲಿ ಸುಗಂಧ ದ್ರವ್ಯಗಳಿಗೆ ಮನಸ್ಸನ್ನು ಉಲ್ಲಾಸಗೊಳಿಸುವ ಗುಣ ಹೇಳಿದೆ. ಉಲ್ಲಾಸ ಒಂದು, ವಶೀಕರಣ ಇನ್ನೊಂದು. ಯುನಾನಿಯ ಹೆಸರಿನಲ್ಲಿ ಎರಡನೆಯದನ್ನು ಮಾರುವವರಿಂದ ದೂರವಿರಿ.

ಮನುಷ್ಯರಲ್ಲಿ ಫೆರೊಮೋನ್ ಇರುವುದೇ ಆದರೆ ಅದನ್ನು ಹುಡುಕಬೇಕಾದ ಜಾಗ ಕಂಕುಳಲ್ಲ, ತಾಯಿಯ ಎದೆ ಎನ್ನುತ್ತಾರೆ ವೈಯಟ್. ಮೊಲೆತೊಟ್ಟಿನ ಸುತ್ತಲ ಕಪ್ಪು ಭಾಗದಲ್ಲಿ ಸಣ್ಣ ಗುಳ್ಳೆಗಳಂತೆ ಕಾಣುವ ಗ್ರಂಥಿಗಳಿವೆ. ಅವುಗಳ ಸ್ರಾವವನ್ನು ಮೂರು ದಿನದ ಶಿಶುಗಳ ಮೂಗಿನ ಬಳಿ ಹಿಡಿದಾಗ, ಅದು ಬೇರೆ ತಾಯಿಯದಾಗಿದ್ದರೂ, ಶಿಶುಗಳು ಬಾಯಿ ತೆರೆದು ನಾಲಿಗೆ ಚಾಚಿದವು ಎಂದು 2009ರ ಫ್ರಾನ್ಸಿನ ಅಧ್ಯಯನ ಹೇಳುತ್ತದೆ. ಅದಕ್ಕೂ ಮೊದಲು, 1994ರಲ್ಲಿ, ಆಗತಾನೇ ಹೆತ್ತ ತಾಯಂದಿರ ಒಂದು ಎದೆಯನ್ನಷ್ಟೇ ತೊಳೆದು ಮಗುವನ್ನು ನಡುವೆ ಮಲಗಿಸಿದರು. 30 ಶಿಶುಗಳಲ್ಲಿ 22 ತೊಳೆಯದ ಎದೆಯ ಕಡೆಗೇ ಹೋದವು.

ಇಲ್ಲಿಯ ಬಾಣಂತಿ ಕೋಣೆಗಳಲ್ಲಿ ನಾನು ಕಾಣುವುದು ಇದಕ್ಕೆ ತಿರುಗಾಮುರುಗಾ. ಪ್ರತಿ ಸಲ ಹಾಲು ಕೊಡುವ ಮುಂಚೆ ಸೋಪು ಹಾಕಿ ತೊಳೆಸುತ್ತಾರೆ, ಎದೆಗೆ ಪೌಡರ್ ಹಾಕುತ್ತಾರೆ, ನೋಡಲು ಬಂದವರು ಅತ್ತರ್ ಸವರುತ್ತಾರೆ, ಬಾಗಿಲು ಮುಚ್ಚಿ ಲೋಬಾನದ ಹೊಗೆ ಹಾಕುತ್ತಾರೆ. ಆಮೇಲೆ “ಮಗು ಬಾಯಿ ಹಾಕ್ತಿಲ್ಲ, ಡಬ್ಬಿ ಹಾಲು ಬರೆದುಕೊಡಿ” ಎಂದು ನನ್ನ ಬಳಿಗೆ. ಸೋಪು, ಪೌಡರ್, ಅತ್ತರ್ ಮೂರನ್ನೂ ಎದೆಯಿಂದ ದೂರವಿಡಿ. ದಿನದ ಸ್ನಾನದಲ್ಲಿ ಬರೀ ನೀರು ಸಾಕು. ಮಗುವನ್ನು ಬಟ್ಟೆಯ ಅಡ್ಡವಿಲ್ಲದೆ ಎದೆಗೆ ಒರಗಿಸಿಕೊಳ್ಳಿ. ಹೊಗೆ ಪುಟ್ಟ ಶ್ವಾಸಕೋಶಗಳಿಗೂ ಕೆಟ್ಟದ್ದು. ಅಜ್ಜಿ ಲೋಬಾನ ಬೇಕೇ ಬೇಕೆಂದರೆ ಅಂಗಳದಲ್ಲಿ ಹಾಕಲಿ. ಇಷ್ಟಾದರೂ ಮಗು ಹಾಲು ಕುಡಿಯದಿದ್ದರೆ, ಮಂಕಾಗಿದ್ದರೆ, ಒಂದು ದಿನವೂ ಕಾಯದೆ ಮಕ್ಕಳ ವೈದ್ಯರ ಬಳಿಗೆ ಒಯ್ಯಿರಿ.