ಮೋಟರ್ ಕರೆಂಟ್ ಎಲ್ಲಿಂದ ಬರುತ್ತೆ ಅಂತ ನಿಮ್ಮ ಮಕ್ಕಳನ್ನು ಕೇಳಿ ನೋಡಿ

ಮನೆಯಲ್ಲಿ ಐದರಿಂದ ಎಂಟನೇ ಕ್ಲಾಸಿನ ಒಳಗೆ ಓದುವ ಮಗನೋ ಮಗಳೋ ಅಣ್ಣನ ಮಕ್ಕಳೋ ಇದ್ದರೆ ಇವತ್ತೇ ಒಂದು ಪ್ರಶ್ನೆ ಕೇಳಿ. ನಮ್ಮ ಬೋರಿನ ಮೋಟರ್‌ಗೆ ಕರೆಂಟ್ ಎಲ್ಲಿಂದ ಬರುತ್ತೆ? "ಟಿಸಿಯಿಂದ" ಅಂತಾರೆ. ಟಿಸಿಗೆ? "ಕೆಇಬಿಯಿಂದ." ಕೆಇಬಿಗೆ? ಅಲ್ಲಿಗೆ ನಿಂತುಹೋಗುತ್ತೆ. ನಮ್ಮಲ್ಲಿ ಬಹಳ ಜನ ಅಪ್ಪಂದಿರ ಉತ್ತರವೂ ಅಲ್ಲಿಗೇ ನಿಲ್ಲುತ್ತೆ. (ಕೆಇಬಿ ಹೋಗಿ ಕೆಪಿಟಿಸಿಎಲ್ ಬಂದಿದ್ದು 1999ರಲ್ಲಿ. ನಮ್ಮ ಬಾಯಲ್ಲಿ ಮಾತ್ರ ಇನ್ನೂ ಕೆಇಬಿನೇ.)

ನಾನು ತೋಟಗಾರಿಕೆ ಪದವಿ ಓದಿ ಈಗ ಮಧುಗಿರಿ ಸೀಮೆಯಲ್ಲಿ ಸಾವಯವ ಬೇಸಾಯ ಮಾಡ್ತಿದ್ದೀನಿ. ತಿಂಗಳಿಗೆ ಒಂದೆರಡು ಶನಿವಾರ ಊರಿನ ಸರ್ಕಾರಿ ಶಾಲೆ ಮಕ್ಕಳು ತೋಟಕ್ಕೆ ಬರ್ತಾರೆ. ನವೀಕರಿಸಬಹುದಾದ ಶಕ್ತಿ ಮೂಲ, ನವೀಕರಿಸಲಾಗದ ಶಕ್ತಿ ಮೂಲ ಎರಡೂ ಪಟ್ಟಿ ಬಾಯಿಪಾಠ. ಜ್ವರ ಬಂದ ಭೂಮಿಯ ಬಾಯಿಗೆ ಥರ್ಮಾಮೀಟರ್ ಇಟ್ಟ ಚಿತ್ರ ಎಲ್ಲರಿಗೂ ಬರೆಯಕ್ಕೆ ಬರುತ್ತೆ. ಆದರೆ ಕಲ್ಲಿದ್ದಲಿನ ಹೊಗೆಗೂ ಒಲೆ ಹೊಗೆಗೂ ಏನು ವ್ಯತ್ಯಾಸ ಅಂದ್ರೆ ಗೊತ್ತಿಲ್ಲ.

ಹೋದ ವರ್ಷ ಮಾವಿನ ಸಸಿ ನೆಡುವಾಗ ಆರನೇ ಕ್ಲಾಸಿನ ಒಬ್ಬ ಹುಡುಗ ಕೇಳಿದ: "ಅಣ್ಣಾ, ಇನ್ನಿಪ್ಪತ್ತು ವರ್ಷಕ್ಕೆ ಭೂಮಿ ಸುಟ್ಟೋಗುತ್ತಂತೆ, ಮತ್ಯಾಕೆ ನೀವು ಮಾವು ಹಾಕ್ತೀರಾ?" ತಮಾಷೆಗೆ ಕೇಳಿದ್ದಲ್ಲ. ಅಪ್ಪನ ಫೋನಿನಲ್ಲಿ ರೀಲ್ಸ್ ನೋಡಿದ್ದ. ನಾವು ಹೇಳಿಕೊಡದೆ ಬಿಟ್ಟ ಪಾಠವನ್ನು ನಮ್ಮದೇ ಫೋನು ಅವರಿಗೆ ಹೇಳಿಕೊಡ್ತಿದೆ, ಅದೂ ಹೆದರಿಸಿ. ಮುಂದೆ ಬೇಸಾಯ ಮಾಡ್ತಾರೋ ಬಿಡ್ತಾರೋ ಅನ್ನೋದನ್ನು ಈ ಮಕ್ಕಳು ಇದರ ಮೇಲೇ ತೀರ್ಮಾನ ಮಾಡ್ತಾರೆ. ಅದಕ್ಕೇ ಈ ವಾರ ಗೊಬ್ಬರ, ಕೀಟದ ಮಾತು ಬಿಟ್ಟು ಇದನ್ನು ಬರೀತಿದ್ದೀನಿ.

ಹಗೇವಿನಿಂದ ಶುರು ಮಾಡಿ

ನಾನು ಮೊದಲು ಹೇಳೋದು ಕಲ್ಲಿದ್ದಲಿನ ಕಥೆ ಅಲ್ಲ, ಹಗೇವಿನ ಕಥೆ. ನಮ್ಮ ಕಡೆ ಅಜ್ಜಂದಿರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ತೆಗೆಯುವಾಗ ಸೀದಾ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿ ಆಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ತಳದಲ್ಲಿ ತುಂಬಿರುತ್ತೆ, ಇಳಿದವರ ಜೀವ ಹೋಗುತ್ತೆ. ನಿಮ್ಮ ಊರಿನಲ್ಲಿ ಹಗೇವು ನೋಡಿದ ತಾತ ಯಾರಾದರೂ ಇದ್ದರೆ ಮಕ್ಕಳನ್ನು ಅವರ ಹತ್ತಿರ ಕೂರಿಸಿ. ಕಣ್ಣಿಗೆ ಕಾಣದ, ವಾಸನೆ ಇಲ್ಲದ ಒಂದು ಅನಿಲ ನಿಜವಾಗಿಯೂ ಇದೆ ಅನ್ನೋದು ಆ ಕಥೆಯಿಂದ ಮನಸ್ಸಿಗೆ ಇಳಿದಷ್ಟು ಪುಸ್ತಕದಿಂದ ಇಳಿಯಲ್ಲ.

ಆಮೇಲೆ ಮುಂದಿನ ಮಾತು. ರಾಗಿ ಗಿಡ ಗಾಳಿಯಲ್ಲಿರೋ ಇಂಗಾಲ ಹೀರಿ ಬೆಳೆಯುತ್ತೆ. ಹುಲ್ಲನ್ನು ದನ ತಿಂದರೂ, ಒಲೆಗೆ ಹಾಕಿದರೂ ಆ ಇಂಗಾಲ ವಾಪಸ್ ಗಾಳಿಗೆ ಹೋಗುತ್ತೆ. ಮುಂದಿನ ಮುಂಗಾರಿನ ಬೆಳೆ ಅದನ್ನೇ ಮತ್ತೆ ಹೀರುತ್ತೆ. ಇದು ವರ್ಷಾವರ್ಷ ತಿರುಗೋ ಇಂಗಾಲ. ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಹಾಗಲ್ಲ. ಕೋಟಿಗಟ್ಟಲೆ ವರ್ಷದ ಹಿಂದೆ ಬದುಕಿದ್ದ ಗಿಡ, ಜೀವಿಗಳು ನೆಲದೊಳಗೆ ಹೂತುಹೋಗಿ ಆದದ್ದು. ಭೂಮಿ ಅಷ್ಟು ಕಾಲ ತುಂಬಿಸಿ ಮುಚ್ಚಿಟ್ಟ ಹಗೇವು ಅದು. ಮನುಷ್ಯರು ಸುಮಾರು ಇನ್ನೂರು ವರ್ಷದಲ್ಲಿ ಬಾಯಿ ತೆರೆದು ಖಾಲಿ ಮಾಡ್ತಿದ್ದಾರೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಇತ್ತು, ಈಗ 420 ದಾಟಿದೆ.

ಅದು ಹೆಚ್ಚಾದರೆ ಬಿಸಿ ಯಾಕೆ? ಪಾಲಿಹೌಸ್ ಹೋಲಿಕೆ ಎಲ್ಲರೂ ಕೊಡ್ತಾರೆ, ನಾನು ಕೊಡಲ್ಲ. ಪಾಲಿಹೌಸ್ ಬಿಸಿಯಾಗೋದು ಮುಖ್ಯವಾಗಿ ಒಳಗಿನ ಬಿಸಿಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲದ್ದರಿಂದ. ಅದಕ್ಕಿಂತ ಚಳಿಗಾಲದ ರಾತ್ರಿ ಒಳ್ಳೆ ಉದಾಹರಣೆ. ಮೋಡ ಇಲ್ಲದ ರಾತ್ರಿ ಚಳಿ ಜಾಸ್ತಿ, ಮೋಡ ಮುಚ್ಚಿದ ರಾತ್ರಿ ಕಮ್ಮಿ. ಹಗಲು ನೆಲ ಹೀರಿದ ಬಿಸಿ ರಾತ್ರಿ ಆಕಾಶಕ್ಕೆ ಹೋಗುತ್ತಿರುತ್ತೆ, ಮೋಡ ಅದನ್ನು ತಡೆದು ಅಷ್ಟಿಷ್ಟು ವಾಪಸ್ ಕೆಳಗೆ ಕಳಿಸುತ್ತೆ. ಈ ಅನಿಲವೂ ಹಾಗೇ ತಡೆಯುತ್ತೆ, ಆದರೆ ಹಗಲು ರಾತ್ರಿ, ವರ್ಷ ಪೂರ್ತಿ. ರಾತ್ರಿ ನೀರು ಕಟ್ಟಲು ಹೋಗಿ ಬಂದ ಮಕ್ಕಳಿಗೆ ಇದು ತಕ್ಷಣ ಅರ್ಥ ಆಗುತ್ತೆ.

ಮೋಟರಿನ ಲೆಕ್ಕ

ಈಗ ಲೆಕ್ಕಕ್ಕೆ ಬನ್ನಿ. ಒಂದು ಎಚ್‌ಪಿ ಅಂದ್ರೆ 746 ವ್ಯಾಟ್. 5 ಎಚ್‌ಪಿ ಮೋಟರ್ 3,730 ವ್ಯಾಟ್. ಮೋಟರ್ ಒಳಗೆ ಆಗೋ ನಷ್ಟ ಸೇರಿಸಿದರೆ ಗಂಟೆಗೆ ಹೆಚ್ಚೂಕಮ್ಮಿ ನಾಲ್ಕೂವರೆ ಯೂನಿಟ್ ಅಂತ ಇಟ್ಟುಕೊಳ್ಳಿ. ತ್ರೀ ಫೇಸ್ ಬಂದಾಗ ಆರು ಗಂಟೆ ಓಡಿದರೆ 27 ಯೂನಿಟ್. ಮನೆ ಮೀಟರನ್ನು ಬೆಳಿಗ್ಗೆ ಒಂದು ಸಲ, ಮಾರನೇ ಬೆಳಿಗ್ಗೆ ಒಂದು ಸಲ ಮಕ್ಕಳ ಕೈಲೇ ಓದಿಸಿ, ಎರಡನ್ನೂ ಪಕ್ಕಪಕ್ಕ ಬರೆಸಿ. ಮನೆಗೆ ದಿನಕ್ಕೆ ಎರಡು ಮೂರು ಯೂನಿಟ್, ಮೋಟರ್‌ಗೆ 27. ನಮ್ಮ ಮಕ್ಕಳು ಇಲ್ಲೇ ಬಾಯಿ ಬಿಟ್ಟಿದ್ದು. ಶಾಲೆಯಲ್ಲಿ "ಬಲ್ಬ್ ಆರಿಸಿ, ವಿದ್ಯುತ್ ಉಳಿಸಿ" ಅಂತ ಕಲಿತಿದ್ದರು, ಮೋಟರ್ ಬಗ್ಗೆ ಯಾರೂ ಹೇಳಿರಲಿಲ್ಲ.

ದೇಶದ ವಿದ್ಯುತ್‌ನಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದು. ನೀರು, ಗಾಳಿ, ಬಿಸಿಲು ಎಲ್ಲಾ ಸೇರಿಸಿ ಸರಾಸರಿ ತೆಗೆದರೂ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. 27 ಯೂನಿಟ್‌ಗೆ 19 ಕೆಜಿ, ಎರಡು ದಿನ ಸೇರಿಸಿದರೆ 45 ಕೆಜಿಯ ಒಂದು ಯೂರಿಯಾ ಚೀಲಕ್ಕೆ ಸ್ವಲ್ಪ ಕಮ್ಮಿ. ಡೀಸೆಲ್ ಲೆಕ್ಕವೂ ಹೇಳಿ, ಒಂದು ಲೀಟರ್ ಸುಟ್ಟರೆ ಸುಮಾರು 2.7 ಕೆಜಿ. ಆಗ ಜಾಣ ಮಕ್ಕಳು ತಕರಾರು ತೆಗೀತಾರೆ: ಒಂದು ಲೀಟರ್ ಡೀಸೆಲ್ ತೂಕವೇ ಒಂದು ಕೆಜಿ ಇಲ್ಲ, ಹೊಗೆ ಮೂರು ಪಟ್ಟು ಹೇಗೆ? ತಕರಾರು ತೆಗೆದ ಮಗುವಿಗೆ ಒಂದು ಸೀಬೆಹಣ್ಣು ಕೊಡಿ. ಉರಿಯುವಾಗ ಗಾಳಿಯ ಆಮ್ಲಜನಕ ಬಂದು ಸೇರಿಕೊಳ್ಳುತ್ತೆ, ತೂಕ ಅದರದ್ದು.

ಹತ್ತು ಎಚ್‌ಪಿವರೆಗೆ ಪಂಪ್‌ಸೆಟ್ ಕರೆಂಟ್ ನಮಗೆ ಫ್ರೀ. ಫ್ರೀ ಅಂದ್ರೆ ಬಿಲ್ ಇಲ್ಲ ಅಂತ ಅಲ್ಲ, ನಮ್ಮ ಪರವಾಗಿ ಸರ್ಕಾರ ಕಟ್ಟುತ್ತೆ ಅಂತ. ಇದನ್ನು ಮಕ್ಕಳಿಗೆ ಮುಚ್ಚಿಡಬೇಡಿ. ಹಾಗಂತ ತಪ್ಪಿತಸ್ಥರ ಥರ ಹೇಳೋದೂ ಬೇಡ. ಡ್ರಿಪ್ ಹಾಕಿದರೆ, ಬುಡಕ್ಕೆ ಹುಲ್ಲು ಹೊದಿಸಿದರೆ ಮೋಟರ್ ಎಷ್ಟು ಗಂಟೆ ಕಮ್ಮಿ ಓಡುತ್ತೆ ಅಂತ ಅವರೇ ಗಡಿಯಾರ ನೋಡಿ ಬರೀಲಿ.

ತಂತಿ ಹಿಡಿದು ಹೋದರೆ

ಟಿಸಿಯಿಂದ ಆಚೆ ತಂತಿ ಎಲ್ಲಿಗೆ ಹೋಗುತ್ತೆ ಅಂತ ಹೇಳಲು ಕರ್ನಾಟಕಕ್ಕಿಂತ ಒಳ್ಳೆ ರಾಜ್ಯ ಸಿಗಲ್ಲ. 1902ರಲ್ಲೇ ಶಿವನಸಮುದ್ರದ ಕಾವೇರಿ ನೀರಿನಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಶರಾವತಿ ಇದೆ. ರಾಯಚೂರಿನ ಶಕ್ತಿನಗರಕ್ಕೆ 1985ರಿಂದ ರೈಲಿನಲ್ಲಿ ಕಲ್ಲಿದ್ದಲು ಬರ್ತಿದೆ. ಕೈಗಾದಲ್ಲಿ ಯುರೇನಿಯಂ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ಫ್ಯಾನು. ನಮಗೆ ಹತ್ತಿರದ್ದು ಪಾವಗಡ. ತಿರುಮಣಿ ಸುತ್ತಿನ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್, 2019ರ ಕೊನೆಗೆ ಪೂರ್ತಿಯಾಯಿತು. ಜಮೀನು ಕೊಂಡಿದ್ದಲ್ಲ, ರೈತರಿಂದ ಗುತ್ತಿಗೆಗೆ ತಗೊಂಡಿದ್ದು. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ.

ಶಾಲೆಯವರ ಜೊತೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕಣ್ಣು ಹಾಯಿಸಿದಷ್ಟೂ ಕರೀ ಗಾಜು. ಕುರಿ ಸಾಕುವ ಮನೆಯ ಒಬ್ಬಳು ಹುಡುಗಿ ಬೇಲಿ ಹಿಡಿದು ನಿಂತು, "ಇಲ್ಲಿದ್ದ ಕುರಿಗಳೆಲ್ಲಾ ಈಗ ಎಲ್ಲಿ ಮೇಯ್ತವೆ?" ಅಂದಳು. ದೊಡ್ಡವರು ಕೇಳಬೇಕಾದ ಪ್ರಶ್ನೆ. ಜಮೀನು ಇದ್ದವರಿಗೆ ಬರಗಾಲದಲ್ಲೂ ಗುತ್ತಿಗೆ ಹಣ ಬಂತು. ಜಮೀನಿಲ್ಲದ ಕೂಲಿಯವರಿಗೆ ಹೊಲದ ಕೆಲಸ ಹೋಯಿತು, ಕುರಿಯವರಿಗೆ ಮೇವಿನ ಜಾಗ ಹೋಯಿತು. ಲಿಂಗನಮಕ್ಕಿ ನೀರಿನಡಿ ಮುಳುಗಿದ ಊರುಗಳ ಕಥೆಯನ್ನೂ ಅಲ್ಲೇ ಹೇಳಿದೆ. ಸೋಲಾರ್ ಒಳ್ಳೇದು, ಕಲ್ಲಿದ್ದಲು ಕೆಟ್ಟದ್ದು ಅಂತ ಎರಡು ಡಬ್ಬಿ ಮಾಡಿ ಕೊಟ್ಟರೆ ಪರೀಕ್ಷೆಗೆ ಸುಲಭ. ನಾನು ಸೋಲಾರ್ ಪರವೇ. ಬಿಸಿಲಿನಿಂದ ಹಳೇ ಹಗೇವು ತೆರೆಯಬೇಕಾಗಿಲ್ಲ, ಅದು ದೊಡ್ಡ ಮಾತು. ಆದರೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲದ ಪಾಠ ಅರ್ಧ ಪಾಠ. ಪ್ಯಾನೆಲ್‌ಗಳ ಕೆಳಗೆ ಹುಲ್ಲು ಬೆಳೆಯುತ್ತೆ, ಕುರಿ ಮೇಯಿಸಬಹುದು, ಬೇರೆ ದೇಶಗಳಲ್ಲಿ ಮಾಡ್ತಾರೆ ಅಂದೆ. "ಹಂಗಾದ್ರೆ ಇಲ್ಲಿ ಗೇಟ್ ಯಾಕೆ ಹಾಕವ್ರೆ?" ಅಂದಳು.

ಹೆದರಿದ ಮಗುವಿಗೆ

ಭೂಮಿ ಸುಟ್ಟುಹೋಗುತ್ತೆ ಅಂದ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಸುಟ್ಟುಹೋಗಲ್ಲ. ಕಾರ್ಖಾನೆ ಕಾಲಕ್ಕೆ ಮುಂಚಿನದಕ್ಕೆ ಹೋಲಿಸಿದರೆ ಭೂಮಿಯ ಸರಾಸರಿ ಉಷ್ಣತೆ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಏರಿದೆ. ಅಷ್ಟಕ್ಕೇ ಸುಡುಬಿಸಿಲಿನ ದಿನ ಜಾಸ್ತಿಯಾಗಿವೆ, ಬಂದ ಮಳೆ ಒಮ್ಮೆಗೇ ಜೋರಾಗಿ ಸುರಿಯೋದು ಜಾಸ್ತಿಯಾಗಿದೆ. ಇನ್ನೂ ಏರಿದರೆ ಇನ್ನೂ ಕಷ್ಟ, ಅರ್ಧ ಡಿಗ್ರಿ ಕಮ್ಮಿ ಏರಿದರೆ ಅಷ್ಟು ಕಷ್ಟ ಕಮ್ಮಿ. ಎಲ್ಲಾ ಮುಗಿಯಿತು ಅನ್ನೋ ಗೆರೆ ಒಂದು ಎಲ್ಲೂ ಇಲ್ಲ. ಮಾವು ಹೂ ಬಿಡಲು ತಂಪು ರಾತ್ರಿಗಳು ಬೇಕು. ಅವು ಕಮ್ಮಿಯಾದರೆ ನನ್ನ ಮಾವಿಗೆ ಪೆಟ್ಟು ಬೀಳಬಹುದು ಅಂತ ಗೊತ್ತಿದ್ದೇ, ಮಾವಿನ ಸಾಲುಗಳ ನಡುವೆ ನೇರಳೆ, ಹುಣಸೆ, ಸೀತಾಫಲ ಹಾಕಿದ್ದೀನಿ. ಅವನೇ ನೀರು ಹಾಕಿದ.

ಇನ್ನೊಂದು ತೊಡಕು ನಮ್ಮ ಭಾಷೆಯಲ್ಲೇ ಇದೆ. ಪೇಪರ್‌ನಲ್ಲಿ, ಟಿವಿಯಲ್ಲಿ "ಹವಾಮಾನ ಬದಲಾವಣೆ" ಅಂತಾರೆ. "ಹವಾಮಾನ ದಿನಾ ಬದಲಾಗುತ್ತಲ್ಲಪ್ಪ, ಅದರಲ್ಲೇನು?" ಅಂತ ಪಕ್ಕದ ಹೊಲದ ತಾತ ಕೇಳ್ತಾರೆ. ಸರಿಯಾಗೇ ಕೇಳ್ತಾರೆ. ಇವತ್ತು ಮೋಡ, ನಾಳೆ ಬಿಸಿಲು ಇದು ಹವಾಮಾನ. ಭರಣಿ ಮಳೆ ಯಾವಾಗ, ಹಸ್ತ, ಚಿತ್ತೆ ಎಷ್ಟು ಅಂತ ಒಂದು ಸೀಮೆಗೆ ಅಂಟಿಕೊಂಡಿರುವ ವಾಡಿಕೆ ಇದೆಯಲ್ಲ, ಅದು ವಾಯುಗುಣ. ಬದಲಾಗುತ್ತಿರೋದು ಆ ವಾಡಿಕೆ. ಅದನ್ನು ನೋಡಲು ಮೂವತ್ತು ವರ್ಷದ ಲೆಕ್ಕ ಬೇಕು. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರ ಅಂತ ಘೋಷಣೆ ಆಯಿತು. ಆ ವರ್ಷ ಎಲ್ ನಿನೊ ಕೂಡ ಇತ್ತು, ಅಂದ್ರೆ ದೂರದ ಪೆಸಿಫಿಕ್ ಸಾಗರದ ಮೇಲ್ನೀರು ಬಿಸಿಯಾಗಿತ್ತು. ಒಂದು ವರ್ಷದ ಬರವನ್ನು ತೋರಿಸಿ "ನೋಡು, ಇದೇ ವಾಯುಗುಣ ಬದಲಾವಣೆ" ಅಂದರೆ, ಮುಂದಿನ ವರ್ಷ ಮಳೆ ಚೆನ್ನಾಗಿ ಬಂದಾಗ ಮಗು ನಿಮ್ಮನ್ನೇ ನಂಬಲ್ಲ.

ಅದಕ್ಕೆ ಮಳೆ ಅಳೆಸಿ. ಮೇಲಿಂದ ಕೆಳಗೆ ಒಂದೇ ಅಗಲ ಇರೋ, ತಳ ಸಪಾಟಾದ ಡಬ್ಬಿ ಮತ್ತು ಒಂದು ಸ್ಕೇಲ್ ಸಾಕು, ಮರ, ಮನೆಯಿಂದ ದೂರ ಬಯಲಲ್ಲಿ ಇಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ಓದಿ ಫೋಟೋ ತೆಗೆದು, ಪುಸ್ತಕದಲ್ಲೂ ಬರೀಲಿ. ಹವಾಮಾನ ಇಲಾಖೆ ಮಳೆ ಓದೋದೂ ಅದೇ ಹೊತ್ತಿಗೆ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಸುಮಾರು 4,000 ಲೀಟರ್ ನೀರು, ಹತ್ತು ಮಿಲಿಮೀಟರ್ ಅಂದ್ರೆ 5,000 ಲೀಟರಿನ ಎಂಟು ಟ್ಯಾಂಕರ್. ಈ ಲೆಕ್ಕ ಒಂದು ಸಲ ತಲೆಗೆ ಹೋದರೆ ಬದು ಹಾಕು ಅಂತ ನೀವು ಹೇಳಬೇಕಾಗಿಲ್ಲ, ಅವರೇ ನಿಮಗೆ ಹೇಳ್ತಾರೆ.

ಹಸುವಿನ ಪ್ರಶ್ನೆ

ಇದು ಖಂಡಿತ ಬರುತ್ತೆ, ತಯಾರಾಗಿರಿ. "ನಮ್ಮ ಹಸುನೂ ಕಾರಣ ಅಂತೆ, ಹೌದಾ?" ಇಲ್ಲ ಅಂತ ಸುಳ್ಳು ಹೇಳಬೇಡಿ. ಹಸು ಮೆಲುಕು ಹಾಕುವಾಗ ತೇಗಿನಲ್ಲಿ ಮೀಥೇನ್ ಬರುತ್ತೆ. ಅದು ಗಾಳಿಯಲ್ಲಿ ಇರೋದು ಹನ್ನೆರಡು ವರ್ಷದಷ್ಟು, ಆದರೆ ಇರುವಷ್ಟು ಕಾಲ ಬಿಸಿಯನ್ನು ತಡೆಯೋ ಶಕ್ತಿ ಬಹಳ ಜಾಸ್ತಿ. ಜೊತೆಗೆ ಇನ್ನೊಂದು ಲೆಕ್ಕವನ್ನೂ ಹೇಳಿ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದಲ್ಲಿ ಹದಿನಾಲ್ಕರ ಹತ್ತಿರ. ಎರಡು ಹಸು ಕಟ್ಟಿರೋ ಮನೆಯ ಮಗು ಇಡೀ ಭೂಮಿಯ ಪಾಪ ಹೊರಬೇಕಾಗಿಲ್ಲ.

ಆಮೇಲೆ ಸಗಣಿ ಕಡೆ ತಿರುಗಿಸಿ. ಗುಂಡಿಯಲ್ಲಿ ಗಾಳಿಯಾಡದೆ ಕೊಳೆತ ಸಗಣಿಯಿಂದಲೂ ಮೀಥೇನ್ ಬರುತ್ತೆ, ಅದನ್ನೇ ಹಿಡಿದು ಉರಿಸಿದರೆ ಗೋಬರ್ ಗ್ಯಾಸ್. ಎರಡು ಘನ ಮೀಟರ್ ಪ್ಲಾಂಟ್‌ಗೆ ದಿನಕ್ಕೆ 50 ಕೆಜಿ ಸಗಣಿ ಬೇಕು, ಅಂದ್ರೆ ನಾಲ್ಕೈದು ರಾಸು. ಸರಿಯಾಗಿ ತುಂಬಿಸಿದರೆ ತಿಂಗಳಿಗೆ ಒಂದೂವರೆಯಿಂದ ಎರಡು ಸಿಲಿಂಡರಿನಷ್ಟು ಗ್ಯಾಸ್, ಸ್ಲರಿ ಹೊಲಕ್ಕೆ.

ಪ್ಲಾಂಟ್ ಇಲ್ಲದವರು 20 ಲೀಟರ್ ನೀರಿನ ಕ್ಯಾನ್‌ನಲ್ಲಿ ತೋರಿಸಬಹುದು. ಹಸಿ ಸಗಣಿ ಒಂದು ಪಾಲು, ನೀರು ಒಂದು ಪಾಲು ಕಲಸಿ ಮುಕ್ಕಾಲು ಕ್ಯಾನ್ ತುಂಬಿ, ಬಾಯಿಗೆ ದೊಡ್ಡ ಬಲೂನ್ ಬಿಗಿಯಾಗಿ ಕಟ್ಟಿ, ಬಿಸಿಲು ಬೀಳೋ ಜಾಗದಲ್ಲಿಡಿ. ಬಿಗಿಯಾದ ಮುಚ್ಚಳ ಮಾತ್ರ ಹಾಕಬೇಡಿ, ಒಡೆಯುತ್ತೆ. ಮೊದಲು ಬರೋ ಗ್ಯಾಸ್‌ನಲ್ಲಿ ಇಂಗಾಲದ ಡೈಆಕ್ಸೈಡೇ ಜಾಸ್ತಿ, ಉರಿಯಲ್ಲ. ಅದನ್ನು ಬಿಟ್ಟು ಮತ್ತೆ ಕಟ್ಟಿ. ಬಲೂನ್ ಉಬ್ಬೋದನ್ನು ಮಕ್ಕಳು ದಿನಾ ದಾರದಲ್ಲಿ ಅಳೆದು ಬರೀಲಿ, ಬೆಂಕಿ ಹತ್ತಿರ ಮಾತ್ರ ಬಿಡಬೇಡಿ. ಚಳಿಗಾಲದಲ್ಲಿ ಇಟ್ಟರೆ ಬಲೂನ್ ಏಳೋದೇ ಇಲ್ಲ ಅನ್ನಿಸುವಷ್ಟು ನಿಧಾನ. ಮಾಡೋದಾದರೆ ಫೆಬ್ರವರಿ ಕಳೆದ ಮೇಲೆ, ಬಿಸಿಲು ಏರಿದಾಗ ಇಡಿ.