ಟೈರಿನ ಪಕ್ಕೆಯ ಬರಹವನ್ನು ಓದಲು ಕಲಿಯೋಣ

ಕಳೆದ ಮಳೆಗಾಲದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಡೆಂಕಣಿಕೋಟೆ ರಸ್ತೆಯ ತಿರುವಿನಲ್ಲಿ ಬೈಕು ಜಾರಿ ಬಿದ್ದು ಹೆಗಲಿನ ಎಲುಬು ಮುರಿದುಕೊಂಡನು. ವೇಗ ಹೆಚ್ಚಿರಲಿಲ್ಲ, ಎದುರಿಗೆ ವಾಹನವೂ ಇರಲಿಲ್ಲ. ಹಿಂದಿನ ಟೈರನ್ನು ಬದಲಾಯಿಸಿ ಎರಡು ತಿಂಗಳಾಗಿತ್ತು. ಅದರ ಗೆರೆಗಳು ಆಳವಾಗಿಯೇ ಇದ್ದವು. ಆತನನ್ನು ನೋಡಲು ಹೋದ ನಾವು ಅಂಗಳದಲ್ಲಿ ನಿಂತಿದ್ದ ಬೈಕಿನ ಬಳಿ ಕುಳಿತು ಟೈರಿನ ಪಕ್ಕೆಯನ್ನು ಓದಿದೆವು. ‘ಹೊಸದು’ ಎಂದು ಅಂಗಡಿಯವರು ಮಾರಿದ ಆ ಟೈರು ತಯಾರಾಗಿ ಏಳು ವರ್ಷ ಕಳೆದಿತ್ತು. ಅಳತೆಯೂ ಬೈಕಿನ ಮೂಲ ಅಳತೆಗಿಂತ ದೊಡ್ಡದಾಗಿತ್ತು. ಆ ಅಂಕಿಗಳನ್ನು ಓದುವ ಶಕ್ತಿ ಐದನೆಯ ತರಗತಿಯ ಮಗುವಿಗೂ ಇದೆ. ಆದರೆ ಓದಬೇಕೆಂದು ಆತನಿಗೆ ಯಾರೂ ಹೇಳಿರಲಿಲ್ಲ. ಹಲವು ವರ್ಷ ಗಣಿತ ಕಲಿಸಿದ ನಾವೂ ಹೇಳಿರಲಿಲ್ಲ. ಆ ಕೊರತೆಯನ್ನು ತುಂಬುವುದಕ್ಕಾಗಿ ಈ ಬರಹ.

ಹೊಸೂರಿನವರಿಗೆ ಈ ವಿಷಯ ದೂರದ್ದಲ್ಲ. 1980ರಲ್ಲಿ ಟಿವಿಎಸ್ 50 ಮೊಪೆಡ್ಡನ್ನು ಹೊರತಂದ ಕಾರ್ಖಾನೆ ನಮ್ಮೂರಿನದು. 2013ರಲ್ಲಿ ಟಿವಿಎಸ್ ಸಂಸ್ಥೆಯು ಜರ್ಮನಿಯ ಬಿಎಂಡಬ್ಲ್ಯು ಜೊತೆ ಒಪ್ಪಂದ ಮಾಡಿಕೊಂಡಿತು. ಅದರ ಫಲವಾಗಿ ಬಿಎಂಡಬ್ಲ್ಯು ಜಿ 310 ಆರ್ ಬೈಕು ಹೊಸೂರಿನಲ್ಲೇ ತಯಾರಾಗತೊಡಗಿತು. 2017ರ ಡಿಸೆಂಬರಿನಲ್ಲಿ ಅಪಾಚಿ ಆರ್‌ಆರ್ 310 ಎಂಬ ಸ್ಪೋರ್ಟ್ಸ್ ಬೈಕು ಮಾರುಕಟ್ಟೆಗೆ ಬಂದಿತು. ಕನ್ನಡ ಮಾಧ್ಯಮದಲ್ಲಿ ಓದಿ ಐಟಿಐ ಮುಗಿಸಿ ಕಾರ್ಖಾನೆಗಳಿಗೆ ಸೇರಿದ ನಮ್ಮ ಹುಡುಗರು ಇಂತಹ ಬೈಕುಗಳಿಗೆ ಆಸೆಪಡುವುದು ಸಹಜ. ಹೊಸದು ಕೈಗೆಟುಕದಿದ್ದರೆ ಸೆಕೆಂಡ್ ಹ್ಯಾಂಡ್ ಬೈಕು ಮನೆಗೆ ಬರುತ್ತದೆ. ಬಂದ ಕೆಲವೇ ದಿನಗಳಲ್ಲಿ ಟೈರು ಬದಲಾಯಿಸುವ ಪ್ರಶ್ನೆಯೂ ಏಳುತ್ತದೆ.

ವಾಹನ ಎಷ್ಟೇ ಬೆಲೆಯದಾಗಿರಲಿ, ನೆಲವನ್ನು ಮುಟ್ಟುವುದು ಪ್ರತಿ ಟೈರಿನ ಅಂಗೈಯಗಲದ ಜಾಗ ಮಾತ್ರ; ಬೈಕಿನಲ್ಲಿ ಅದಕ್ಕಿಂತಲೂ ಕಡಿಮೆ. ಬ್ರೇಕು, ಎಬಿಎಸ್, ಎಂಜಿನ್ನಿನ ಬಲ ಎಲ್ಲವೂ ಆ ಜಾಗದ ಮೂಲಕವೇ ಕೆಲಸ ಮಾಡಬೇಕು. ಎಬಿಎಸ್ ಚಕ್ರವು ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ, ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು.

ಅಳತೆಯ ಗಣಿತ

ಆರ್‌ಆರ್ 310 ಬೈಕಿನ ಹಿಂದಿನ ಟೈರಿನ ಮೇಲೆ 150/60 ಆರ್ 17 ಎಂದು ಬರೆದಿರುತ್ತದೆ. 150 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಎಂದರೆ ಪಕ್ಕೆಯ ಎತ್ತರವು ಅಗಲದ ಶೇಕಡಾ 60 ಎಂದರ್ಥ, ಅಂದರೆ 90 ಮಿ.ಮೀ. ‘ಆರ್’ ಎಂಬುದು ರೇಡಿಯಲ್ ರಚನೆಯ ಗುರುತು. 17 ಎಂಬುದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ.

ಇದನ್ನು ಮಕ್ಕಳೊಡನೆ ಲೆಕ್ಕ ಮಾಡಿ ನೋಡಬಹುದು. 17 ಇಂಚು ಎಂದರೆ 431.8 ಮಿ.ಮೀ. ಅದಕ್ಕೆ ಮೇಲೊಂದು, ಕೆಳಗೊಂದು ಪಕ್ಕೆಯ ಎತ್ತರ, ಅಂದರೆ 180 ಮಿ.ಮೀ. ಕೂಡಿಸಿದರೆ ಚಕ್ರದ ಒಟ್ಟು ವ್ಯಾಸ 611.8 ಮಿ.ಮೀ. ಇದರ ಬದಲು 160/60 ಅಳತೆಯ ಟೈರು ಹಾಕಿದರೆ ಪಕ್ಕೆ 96 ಮಿ.ಮೀ. ಆಗಿ ವ್ಯಾಸವು 623.8ಕ್ಕೆ ಏರುತ್ತದೆ. ವ್ಯತ್ಯಾಸ 12 ಮಿ.ಮೀ. ಮಾತ್ರ. ಆದರೆ ಬೈಕಿನ ಹಿಂಭಾಗ 6 ಮಿ.ಮೀ. ಮೇಲೇಳುತ್ತದೆ, ಸರಪಳಿಯ ಪಕ್ಕದ ಬಿಡುವು ಕಡಿಮೆಯಾಗುತ್ತದೆ. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಕಡಿಮೆ ಅಗಲದ ರಿಮ್ಮಿಗೆ ದೊಡ್ಡ ಟೈರು ಕೂರಿಸಿದಾಗ ಅದರ ಅಂಚುಗಳು ಒಳಕ್ಕೆ ಸೆಳೆಯಲ್ಪಟ್ಟು, ನೆಲ ಮುಟ್ಟುವ ಮೈಯ ಆಕಾರವೇ ಬದಲಾಗುತ್ತದೆ. ತಿರುವಿನಲ್ಲಿ ಬೈಕು ಬಾಗಿದಾಗ ತಯಾರಕರು ಎಣಿಸಿದ ಹಿಡಿತ ದೊರೆಯುವುದಿಲ್ಲ. ‘ದಪ್ಪ ಟೈರು ಹಾಕಿದರೆ ಗ್ರಿಪ್ ಜಾಸ್ತಿ’ ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಎಲ್ಲ ರಿಮ್ಮಿಗೂ ಆ ಮಾತು ಸಲ್ಲದು.

ಭಾರ ಮತ್ತು ವೇಗದ ಗುರುತು

ಅಳತೆಯ ನಂತರ ಒಂದು ಅಂಕಿ, ಒಂದು ಅಕ್ಷರ ಇರುತ್ತವೆ. ಹಿಂದಿನ ಟೈರಿನಲ್ಲಿ ‘66 ಎಚ್’ ಎಂದಿದ್ದರೆ, 66 ಎಂಬ ಸೂಚಿಯು ಆ ಟೈರು 300 ಕಿಲೋ ಹೊರಬಲ್ಲದು ಎಂದು ಹೇಳುತ್ತದೆ. ಮುಂದಿನ ಟೈರಿನ 54 ಎಂದರೆ 212 ಕಿಲೋ. ಅಕ್ಷರವು ಗರಿಷ್ಠ ವೇಗದ ಗುರುತು: ಪಿ ಎಂದರೆ ಗಂಟೆಗೆ 150 ಕಿ.ಮೀ., ಎಸ್ 180, ಎಚ್ 210, ವಿ 240.

‘ನಾವು 60ರ ಮೇಲೆ ಓಡಿಸುವುದೇ ಇಲ್ಲ, ಪಿ ಸಾಕಲ್ಲವೇ?’ ಎಂದು ಪೋಷಕರು ಕೇಳುವುದುಂಟು. ವೇಗದ ಗುರುತು ಟೈರಿನ ಒಳರಚನೆ ಎಷ್ಟು ಬಿಸಿಯನ್ನು ತಾಳಬಲ್ಲದು ಎಂಬುದನ್ನೂ ತಿಳಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಹೊಸೂರಿನಿಂದ ಕೃಷ್ಣಗಿರಿಯವರೆಗೆ ಹೆದ್ದಾರಿ 44ರಲ್ಲಿ ಇಬ್ಬರು ಕುಳಿತು ನಿಲ್ಲದೆ ಸಾಗಿದರೆ ಟೈರು ಬಹಳ ಕಾಯುತ್ತದೆ. ಗಾಳಿ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಆದುದರಿಂದ ತಯಾರಕರು ಸೂಚಿಸಿದ ಭಾರ ಮತ್ತು ವೇಗದ ಗುರುತಿಗಿಂತ ಕೆಳಗಿಳಿಯಬಾರದು.

ಹುಟ್ಟಿದ ವಾರ

ಪಕ್ಕೆಯ ಮೇಲೆ ಚಿಕ್ಕ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರ. ರಬ್ಬರು ಬಳಸದೆ ಇಟ್ಟರೂ ವಯಸ್ಸಾಗುತ್ತದೆ; ಬಿಸಿಲು ಮತ್ತು ಗಾಳಿಯಿಂದ ಗಟ್ಟಿಯಾಗಿ, ಒದ್ದೆ ರಸ್ತೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ನಮ್ಮ ಹುಡುಗನ ಟೈರಿಗೆ ಆಗಿದ್ದುದು ಇದೇ. ಐದು ವರ್ಷ ಬಳಸಿದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಹತ್ತು ವರ್ಷವಾದುದನ್ನು ಗೆರೆ ಉಳಿದಿದ್ದರೂ ತೆಗೆಯಬೇಕು ಎಂಬುದು ಪ್ರಮುಖ ತಯಾರಕರ ಸಲಹೆ. ಕೊಳ್ಳುವಾಗಲಂತೂ ಒಂದು ವರ್ಷದೊಳಗಿನದನ್ನೇ ಕೇಳುವುದು ಒಳಿತು.

ಸವೆತಕ್ಕೂ ಅಳತೆಯಿದೆ. ಗೆರೆಗಳ ಆಳದಲ್ಲಿ ಅಲ್ಲಲ್ಲಿ ರಬ್ಬರಿನ ಚಿಕ್ಕ ಉಬ್ಬುಗಳಿವೆ. ಅವು ಇರುವ ಕಡೆ ಪಕ್ಕೆಯ ಮೇಲೆ ‘ಟಿಡಬ್ಲ್ಯುಐ’ ಎಂಬ ಅಕ್ಷರಗಳೋ ಬಾಣದ ಗುರುತೋ ಇರುತ್ತದೆ. ಟೈರಿನ ಮೈ ಆ ಉಬ್ಬಿನ ಮಟ್ಟಕ್ಕೆ ಸವೆದರೆ ಅದರ ಆಯುಷ್ಯ ಮುಗಿಯಿತು. ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ, ತ್ರಿಚಕ್ರ ವಾಹನಗಳಲ್ಲಿ ಗೆರೆಯ ಆಳ 0.8 ಮಿ.ಮೀ.ಗಿಂತ, ಕಾರಿನಂತಹ ವಾಹನಗಳಲ್ಲಿ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ಗೆರೆಗಳ ಕೆಲಸ ಮಳೆನೀರನ್ನು ಪಕ್ಕಕ್ಕೆ ದೂಡುವುದು. ಅವು ಸವೆದರೆ ಟೈರು ನೀರಿನ ಮೇಲೆ ತೇಲುತ್ತದೆ. ಆದುದರಿಂದ ಮಳೆಗಾಲಕ್ಕೆ ಮೊದಲೇ ಬದಲಾಯಿಸಬೇಕು.

ಮೃದುವೋ ಗಟ್ಟಿಯೋ

ಸ್ಪೋರ್ಟ್ಸ್ ಟೈರುಗಳ ರಬ್ಬರು ಮೃದು. ಹಿಡಿತ ಹೆಚ್ಚು, ಆಯುಷ್ಯ ಕಡಿಮೆ. ದೂರ ಪ್ರಯಾಣದ ಟೈರುಗಳ ರಬ್ಬರು ಗಟ್ಟಿ. ಹೆಚ್ಚು ಕಾಲ ಬಾಳುತ್ತದೆ. ಕೆಲವು ಟೈರುಗಳಲ್ಲಿ ನಡುಭಾಗ ಗಟ್ಟಿಯಾಗಿಯೂ ಅಂಚುಗಳು ಮೃದುವಾಗಿಯೂ ಇರುತ್ತವೆ. ರೇಸ್ ಟ್ರ್ಯಾಕಿಗೆಂದೇ ಮಾಡಿದ ಟೈರು ಚೆನ್ನಾಗಿ ಬಿಸಿಯಾದ ಮೇಲೆಯೇ ಪೂರ್ಣ ಹಿಡಿತ ಕೊಡುತ್ತದೆ. ಅದರಲ್ಲಿ ನೀರು ಹರಿಯುವ ಗೆರೆಗಳೂ ಕಡಿಮೆ. ಬೆಳಗಿನ ಚಳಿಯಲ್ಲಿ ತಳಿಯಿಂದ ಹೊಸೂರಿಗೆ ಪಾಳಿಗೆ ಬರುವ ಯುವಕನಿಗೆ ಅದರಿಂದ ಪ್ರಯೋಜನಕ್ಕಿಂತ ಅಪಾಯವೇ ಹೆಚ್ಚು. ಹೆದ್ದಾರಿಯಲ್ಲಿ ನೇರವಾಗಿ ಓಡುವುದೇ ಹೆಚ್ಚಾದರೆ ನಡುಭಾಗ ಗಟ್ಟಿಯಾದ ಟೈರು ಸೂಕ್ತ. ಅಂಚೆಟ್ಟಿ ಕಡೆಯ ತಿರುವುಗಳಲ್ಲಿ ನಿತ್ಯ ಓಡಾಡುವವರು ಒದ್ದೆಯಲ್ಲಿ ಒಳ್ಳೆಯ ಹಿಡಿತವಿರುವ ರಸ್ತೆ ಟೈರನ್ನು ಕೇಳಬೇಕು. ಮುಂದೆ ರೇಡಿಯಲ್, ಹಿಂದೆ ಸಾಮಾನ್ಯ ರಚನೆಯ ಟೈರು ಎಂದು ತಮ್ಮಿಷ್ಟದಂತೆ ಬೆರೆಸಬಾರದು. ಎರಡರ ವರ್ತನೆ ಬೇರೆಯಾದ್ದರಿಂದ ಬೈಕು ಸ್ಥಿರತೆ ಕಳೆದುಕೊಳ್ಳಬಹುದು.

ಸ್ಪೋರ್ಟ್ಸ್ ಕಾರಿನಿಂದ ಕಲಿಯಬಹುದಾದುದು

ಕೋಟಿ ಬೆಲೆಯ ಸ್ಪೋರ್ಟ್ಸ್ ಕಾರುಗಳ ಒಡೆಯರೂ ಟೈರನ್ನು ಮನಬಂದಂತೆ ಆರಿಸುವ ಹಾಗಿಲ್ಲ. ಪೋರ್ಷೆ 911 ಕ್ಯಾರೆರಾ ಎಸ್ ಕಾರಿನ 992 ಮಾದರಿಯಲ್ಲಿ ಮುಂದೆ 245/35 ಅಳತೆಯ 20 ಇಂಚಿನ ಟೈರು, ಹಿಂದೆ 305/30 ಅಳತೆಯ 21 ಇಂಚಿನ ಟೈರು ಇರುತ್ತವೆ. ಹೀಗಾಗಿ ಸಾಮಾನ್ಯ ಕಾರಿನಂತೆ ಮುಂದಿನದನ್ನು ಹಿಂದಕ್ಕೆ ಬದಲಿಸಿ ಸವೆತವನ್ನು ಸರಿದೂಗಿಸಲಾಗದು. ಪೋರ್ಷೆ ಸಂಸ್ಥೆಯು ತಾನು ಪರೀಕ್ಷಿಸಿ ಒಪ್ಪಿದ ಟೈರುಗಳ ಮೇಲೆ ‘ಎನ್’ ಅಕ್ಷರ ಮತ್ತು ಒಂದು ಅಂಕಿಯನ್ನು ಹಾಕಿಸುತ್ತದೆ. ಅಷ್ಟು ಶಕ್ತಿಯ ಕಾರು ಕೂಡ ತನ್ನ ಟೈರಿನ ವಿಷಯದಲ್ಲಿ ತಯಾರಕರ ಮಾತನ್ನೇ ಕೇಳುತ್ತದೆ.

ನಮ್ಮ ಮನೆಯ ಚಿಕ್ಕ ಕಾರಿಗೂ ಇದೇ ನೀತಿ ಅನ್ವಯಿಸುತ್ತದೆ. ಒಂದೇ ಅಚ್ಚಿನ ಎರಡೂ ತುದಿಗೆ ಒಂದೇ ಬಗೆಯ ಜೋಡಿ ಟೈರು ಹಾಕಬೇಕು. ಎರಡನ್ನು ಮಾತ್ರ ಕೊಳ್ಳಲು ಸಾಧ್ಯವಾದರೆ ಹೊಸವು ಹಿಂದಿನ ಚಕ್ರಗಳಿಗೆ ಹೋಗಬೇಕು, ಮುಂದಿನ ಚಕ್ರಗಳೇ ಎಳೆಯುವ ಕಾರಾದರೂ ಸರಿಯೆ. ಮುಂಭಾಗ ಜಾರಿದರೆ ವೇಗ ತಗ್ಗಿಸಿ ಸರಿಪಡಿಸಿಕೊಳ್ಳಲು ಅವಕಾಶವಿರುತ್ತದೆ. ಹಿಂಭಾಗ ಜಾರಿದರೆ ಕಾರು ತಿರುಗಿಬಿಡುತ್ತದೆ.

ಅಂಗಡಿಯಲ್ಲಿ ಕೇಳಬೇಕಾದುದು

ನಮ್ಮ ಊರುಗಳ ಅಂಗಡಿಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ನಡೆಯುತ್ತವೆ. ಕೇಳಲು ಸಂಕೋಚ ಬೇಡ. ಮೊದಲು ವಾಹನದ ಕೈಪಿಡಿಯಲ್ಲಿರುವ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಈಗ ಚಕ್ರದಲ್ಲಿರುವುದನ್ನು ನೋಡಿ ಬರೆಯಬೇಡಿ. ಹಿಂದಿನ ಮಾಲೀಕರು ಅದನ್ನು ಬದಲಾಯಿಸಿರಬಹುದು. ಐಎಸ್‌ಐ ಗುರುತು ಇದೆಯೇ ನೋಡಿ. ದ್ವಿಚಕ್ರ, ತ್ರಿಚಕ್ರಗಳ ಟೈರಿಗೆ ಐಎಸ್ 15627, ಕಾರಿನದಕ್ಕೆ ಐಎಸ್ 15633 ಎಂಬ ಸಂಖ್ಯೆ ಇರುತ್ತದೆ. ನಾಲ್ಕು ಅಂಕಿಗಳ ವಾರವನ್ನು ಹಣ ಕೊಡುವ ಮೊದಲೇ ಓದಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕೂರಿಸುವಾಗ ಪಕ್ಕೆಯ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೇ ಇರಲಿ. ವಾಲ್ವನ್ನು ಹೊಸದಾಗಿ ಹಾಕಿಸಿ, ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ. ಗಾಳಿಯನ್ನು ಟೈರು ತಣ್ಣಗಿದ್ದಾಗ ಕೈಪಿಡಿಯಲ್ಲಿ ಹೇಳಿದಷ್ಟೇ ತುಂಬಿಸಿ. ಹೊಸ ಟೈರಿನ ಮೈ ನುಣುಪಾಗಿರುವುದರಿಂದ ಮೊದಲ ನೂರಾರು ಕಿಲೋಮೀಟರು ತಿರುವು ಮತ್ತು ಬ್ರೇಕುಗಳಲ್ಲಿ ಸಂಯಮವಿರಲಿ.

ಪೋಷಕ ಬಂಧುಗಳೇ, ಈ ಭಾನುವಾರ ಮಕ್ಕಳ ಕೈಗೆ ಒಂದು ಕಾಗದ ಕೊಟ್ಟು, ಮನೆಯಲ್ಲಿರುವ ಸ್ಕೂಟರು, ಬೈಕುಗಳ ಟೈರಿನ ಅಳತೆ ಮತ್ತು ತಯಾರಾದ ವಾರವನ್ನು ಬರೆದು ತರಲು ಹೇಳಿ. ಅವರನ್ನು ಶಾಲೆಗೆ ಕರೆತರುವ ಆಟೋ, ವ್ಯಾನುಗಳ ಟೈರುಗಳನ್ನು ನೀವೇ ಓದಿ ನೋಡಿ. ಶೇಕಡಾ ಲೆಕ್ಕವನ್ನು ಕನ್ನಡದಲ್ಲಿ ಕಲಿತ ಮಗುವಿಗೆ ಈ ಕೆಲಸ ಕಷ್ಟವಲ್ಲ. ಹೆಗಲು ಕೂಡಿಕೊಂಡ ನಮ್ಮ ಹಳೆಯ ವಿದ್ಯಾರ್ಥಿ ಈಗ ಬೈಕಿಗೆ ಮೂಲ ಅಳತೆಯ ಟೈರನ್ನೇ ಹಾಕಿಸಿದ್ದಾನೆ. ಅಂಗಡಿಯಲ್ಲಿ ಮೊದಲು ತೋರಿಸಿದ ಎರಡನ್ನು, ವಾರದ ಅಂಕಿ ಓದಿ, ಹಿಂದಕ್ಕೆ ಕೊಟ್ಟನೆಂದು ಆತನ ತಾಯಿ ನಮಗೆ ತಿಳಿಸಿದರು.